ನೋಯದ ಹೆಬ್ಬೆರಳು

ನಮ್ಮ ಜೈಲಿನಲ್ಲಿ ಆಸ್ಪತ್ರೆಗೆ ಹೋಗುವ ದಿನ ಯಾವುದೆಂದು ಕೈದಿಗೆ ಮೊದಲೇ ಹೇಳುವುದಿಲ್ಲ. ಹೇಳಿದರೆ ದಾರಿಯಲ್ಲಿ ಗೆಳೆಯರನ್ನು ನಿಲ್ಲಿಸಿಕೊಂಡು ಪರಾರಿಯಾಗುತ್ತಾನಂತೆ. ಹೆಕ್ಟರ್ ಗೆಡ್ಡಿಸ್‌ಗೆ ಅರವತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳಲ್ಲಿ ಹುಣ್ಣು. ಮೆಟ್ಟಿಲು ಹತ್ತುವಾಗ ಎರಡು ಕಡೆ ಏದುಸಿರು ಬಿಡುತ್ತಾ ನಿಲ್ಲುವ ಆ ಮನುಷ್ಯ ಸ್ಕಾಟ್ಲೆಂಡಿನ ಯಾವ ಮೂಲೆಗೆ ಓಡುತ್ತಿದ್ದನೋ, ನಿಯಮ ಮಾಡಿದ ಪುಣ್ಯಾತ್ಮರೇ ಹೇಳಬೇಕು.

ನಾನು ಇನ್ನಿಸ್, ಅವನದೇ ಬ್ಲಾಕಿನ ಕೈದಿ. ಆರು ವಾರ ತರಬೇತಿ ಕೊಟ್ಟು, ಹಸಿರು ಅಂಗಿ ತೊಡಿಸಿ, ನನ್ನನ್ನು 'ಆರೋಗ್ಯ ಮಿತ್ರ' ಮಾಡಿದ್ದರು. ಕೆಲಸವೇನೆಂದರೆ, ಮೇಲಿನವರು ಅಚ್ಚು ಹಾಕಿಸಿದ ಕರಪತ್ರಗಳನ್ನು ಕೋಣೆ ಕೋಣೆಗೆ ಹಂಚಿ, ಹೆಸರಿನ ಮುಂದೆ ಟಿಕ್ ಹಾಕುವುದು. ಹೆಕ್ಟರನಿಗೂ ಕೊಟ್ಟಿದ್ದೆ. 'ಸಕ್ಕರೆ ಕಾಯಿಲೆ ಮತ್ತು ನಿಮ್ಮ ಪಾದ', ಎಂಟು ಪುಟ, ಬಣ್ಣದ ಮುಖಪುಟ. ಅವನು ಅದನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ ಕಣೋ," ಎಂದು ಕಿಟಕಿಯ ಕಟ್ಟೆಯ ಮೇಲಿಟ್ಟ. ನಾನು ಟಿಕ್ ಹಾಕಿದೆ.

ಅವನಿಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಮಗಳು ಐಲ್ಸಾ ಬರೆದ ಕಾಗದಗಳನ್ನು ಅವನಿಗೆ ಓದಿ ಹೇಳುತ್ತಿದ್ದವನು ನಾನೇ.

ಒಂದು ಗುರುವಾರ ಬೆಳಿಗ್ಗೆ ವಾರ್ಡರ್ ಬೇರ್ಡ್ ಅವನ ಬಾಗಿಲಿಗೆ ಬಂದ.

"ಗೆಡ್ಡಿಸ್, ಆಸ್ಪತ್ರೆ. ಗಾಡಿ ಕಾಯ್ತಿದೆ, ಏಳು."

ಹೆಕ್ಟರ್ ಆಗಲೇ ಗಡ್ಡ ಹೆರೆದು, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿ ಕೂತಿದ್ದ. ಎರಡು ತಿಂಗಳ ಮೇಲೆ ಐಲ್ಸಾ ಅವತ್ತು ಮಧ್ಯಾಹ್ನ ಅವನನ್ನು ನೋಡಲು ಬರುವವಳಿದ್ದಳು, ಮೂರು ಬಸ್ಸು ಬದಲಿಸಿಕೊಂಡು.

"ಇವತ್ತು ಮಗಳು ಬರ್ತಾಳೆ ಸಾರ್. ಮುಂದಿನ ವಾರ ಹೋಗ್ಲಾ?"

"ಹಂಗಾದ್ರೆ ಇಲ್ಲೊಂದು ಸಹಿ ಹಾಕು."

ಹಾಕಿದ. ಬೇರ್ಡ್ ಹೋದ ಮೇಲೆ ನಾನು ಒಳಗೆ ಇಣುಕಿದೆ. "ಏನಂತೆ ಅಜ್ಜಾ?"

"ಮುಂದಿನ ವಾರಕ್ಕೆ ಬರ್ಕೊಂಡ್ರು. ಪಾಪ, ಬೈಲೇ ಇಲ್ಲ."

"ಕಾಲು?"

"ನೋವು ಪೂರ್ತಿ ಹೋಯ್ತು ಮಾರಾಯ. ವಾಸಿ ಆಗ್ತಿದೆ ಬಿಡು."

ಹಸಿರು ಅಂಗಿಯ ಈ ಪಂಡಿತನೂ ಸಂತೋಷಪಟ್ಟ.

ಮುಂದಿನ ವಾರ ಗಾಡಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ವಾರ ಗಂಜಿಯ ಸಾಲಿನಲ್ಲಿ ಹುಡುಗರು ಅವನ ಹಿಂದೆ ನಿಲ್ಲಲಾರದೆ ಮೂಗು ಮುಚ್ಚಿಕೊಂಡರು. ಕೋಣೆಗೆ ಕರೆದುಕೊಂಡು ಹೋಗಿ ಸಾಕ್ಸ್ ಬಿಚ್ಚಿಸಿದೆ. ಹೆಬ್ಬೆರಳು ಇದ್ದಿಲಿನಷ್ಟು ಕಪ್ಪಗಿತ್ತು. "ನೋಯ್ತಾ ಇಲ್ವಲ್ಲೋ," ಎಂದ, ನಾನೇ ಸುಳ್ಳು ಹೇಳುತ್ತಿದ್ದೇನೆ ಎಂಬಂತೆ.

ಚಿಕಿತ್ಸಾ ಕೊಠಡಿಗೆ ಓಡಿದೆ. ನರ್ಸ್ ಲೋರ್ನಾ ಆಂಬುಲೆನ್ಸಿಗೆ ಫೋನ್ ಮಾಡಿ, ಆಮೇಲೆ ಅವನ ಕಡತ ತೆಗೆದಳು.

"ಇವರು ಚಿಕಿತ್ಸೆ ಬೇಡ ಅಂದಿದ್ದಾರಲ್ಲ. ಅದಕ್ಕೇ ಪಟ್ಟಿಯಿಂದ ತೆಗೆದಿರೋದು. ಸಹಿ ನೋಡು."

"ಮೇಡಂ, ಆ ಸಹಿ ಮೀನಿನ ದೋಣಿಲಿ ಸಂಬಳ ತಗೊಳ್ಳೋಕೆ ಕಲ್ತಿದ್ದು. ಅದು ಬಿಟ್ರೆ ಅವ್ನಿಗೆ ಒಂದಕ್ಷರ ಬರಲ್ಲ. ಮುಂದಿನ ವಾರ ಹೋಗ್ತೀನಿ ಅಂದ, ನೀವು ಬೇಡ ಅಂದ ಅಂತ ಬರ್ಕೊಂಡ್ರಿ."

"ನೋವಿಲ್ಲದಿದ್ರೆ ಇನ್ನೂ ಹುಷಾರಾಗಿರಬೇಕು, ನರ ಸತ್ತಿರುತ್ತೆ ಅಂತ ಕರಪತ್ರದಲ್ಲೇ ಇದೆ. ಅವರಿಗೆ ತಲುಪಿದೆ. ಇಲ್ಲಿ ಟಿಕ್ ಇದೆ."

ಟಿಕ್ ನನ್ನದು. ಬೇರ್ಡ್‌ನ ಮೇಲೆ, ಲೋರ್ನಾಳ ಮೇಲೆ, ಆ ಎಂಟು ಪುಟ ಬರೆದ ದೊಡ್ಡ ಮನುಷ್ಯರ ಮೇಲೆ ಕುದಿಯುತ್ತಿದ್ದ ಸಿಟ್ಟು ನನ್ನ ಕಡೆಗೂ ತಿರುಗಿತು. ತಿರುಗಿತೆಂದು ಅವರ ಮೇಲಿನದು ಕಡಿಮೆಯಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಮೊಣಕಾಲಿನ ಕೆಳಗೆ ಕತ್ತರಿಸಿದರು. ತಿಂಗಳಾದ ಮೇಲೆ ಗಾಲಿಕುರ್ಚಿಯಲ್ಲಿ ಬಂದ ಹೆಕ್ಟರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೋವು ಹೋದ್ರೆ ಕಾಲು ಕೆಡ್ತಿದೆ ಅಂತ ಒಬ್ರಾದ್ರೂ ಬಾಯಿಬಿಟ್ಟು ಹೇಳ್ಬೋದಿತ್ತಲ್ಲೋ, ಇನ್ನಿಸ್," ಎಂದ ಅಷ್ಟೆ.

ಮರುದಿನ ಲೋರ್ನಾ ಹೊಸ ಕರಪತ್ರಗಳ ಕಟ್ಟನ್ನೂ ಪಟ್ಟಿಯನ್ನೂ ನನ್ನ ಮುಂದಿಟ್ಟಳು.

"ಹಂಚಿ ಟಿಕ್ ಹಾಕಲ್ಲ ಮೇಡಂ," ಎಂದೆ. "ಒಬ್ಬೊಬ್ಬರ ಹತ್ರ ಕೂತು ಬಾಯಲ್ಲಿ ಹೇಳ್ತೀನಿ. ಅವ್ರು ಅದನ್ನ ತಿರುಗಿ ನಂಗೆ ಹೇಳ್ಬೇಕು. ಆಮೇಲೇ ಟಿಕ್ಕು."

"ಈ ಬ್ಲಾಕಲ್ಲಿ ನೂರಿಪ್ಪತ್ತು ಜನ ಇದ್ದಾರೆ. ಅಷ್ಟು ಟೈಮ್ ಎಲ್ಲಿದೆ?"

"ನಂಗೆ ಇನ್ನೂ ನಾಲ್ಕು ವರ್ಷ ಇದೆ ಮೇಡಂ."