ಹದಿನಾಲ್ಕನೇ ನಂಬರಿನ ಹೆಸರು

ಕೊನೆಯ ಓಟಕ್ಕೆ ಇನ್ನೊಂದೇ ದಿನ ಇತ್ತು. ಪಾಂಡವಪುರದ ಮನೆಯಲ್ಲಿ ಮೈಕ್ ಮಂಜಣ್ಣ ಕನ್ನಡಿ ಮುಂದೆ ನಿಂತು ವಿದಾಯದ ಮಾತನ್ನು ಉರು ಹೊಡೆಯುತ್ತಿದ್ದ. ಅಷ್ಟರಲ್ಲಿ ಪಾಲಹಳ್ಳಿಯ ಚಿಕ್ಕಬೋರಮ್ಮ ಕಂಕುಳಲ್ಲಿ ಎರಡು ಪಡವಲಕಾಯಿ ಇರುಕಿಕೊಂಡು ಬಾಗಿಲಿಗೆ ಬಂದಳು.

ನಾಲ್ಕು ತಾಲ್ಲೂಕಿಗೆ ಬರುವ ಕೇಬಲ್ ಚಾನೆಲ್ 'ನಾಲ್ಕೂರು ಟೀವಿ'ಯಲ್ಲಿ ಮಂಜಣ್ಣನದು ಮೂವತ್ತೊಂದು ವರ್ಷದ ಬಾಯಿ. ಶ್ರೀರಂಗಪಟ್ಟಣದ ವಾಲಿಬಾಲಿಗೂ ಅವನೇ, ಕೆ.ಆರ್. ಪೇಟೆಯ ಕಬಡ್ಡಿಗೂ ಅವನೇ, ನಾಗಮಂಗಲದ ಕುಸ್ತಿಗೂ ಅವನೇ. ಆದರೆ ಅವನಿಗೆ ಹೆಸರು ತಂದುಕೊಟ್ಟಿದ್ದು ಜೋಡೆತ್ತಿನ ಗಾಡಿ ಓಟ. ಅವನು ಕೂಗಿದರೆ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತೂ ಗೂಟ ಕಿತ್ತುಕೊಂಡು ಬರ್ತದೆ ಅಂತ ಜನ ಆಡಿಕೊಳ್ಳುತ್ತಿದ್ದರು. ಓಟದ ಬೆಳಗ್ಗೆ ಟೀವಿಯವರು ಅವನ ಕೈಗೊಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ಎತ್ತಿನ ಯಜಮಾನರ ಹೆಸರು ಇರುತ್ತಿತ್ತು, ಎತ್ತುಗಳ ಹೆಸರು ಇರುತ್ತಿತ್ತು, ಗಾಡಿ ಹೊಡೆಯುವವನ ಜಾಗದಲ್ಲಿ ನಂಬರು ಇರುತ್ತಿತ್ತು. ನೊಗದ ಕೆಳಗಿದ್ದ ಎರಡಕ್ಕೂ ಹೆಸರು. ನೊಗದ ಹಿಂದೆ ಕೂತು ಪ್ರಾಣ ಒತ್ತೆ ಇಡುವವನಿಗೆ ಮಾತ್ರ ಬನಿಯನ್ನಿನ ಮೇಲೆ ಬಣ್ಣದಲ್ಲಿ ಬಳಿದ ಅಂಕಿ. ಬರೆದವರಿಗೆ ನಾಚಿಕೆಯಿರಲಿಲ್ಲ, ಓದಿದವನಿಗೆ ಪುರುಸೊತ್ತಿರಲಿಲ್ಲ.

ಚಿನಕುರಳಿಯ ತಿಮ್ಮರಾಜು ಮನೆತನಕ್ಕೆ ಹದಿನಾಲ್ಕು ಅದೃಷ್ಟದ ಸಂಖ್ಯೆ. ಎತ್ತು ಬದಲಾದವು, ಗಾಡಿ ಬದಲಾಯಿತು, ನಂಬರು ಬದಲಾಗಲಿಲ್ಲ, ಹೊಡೆಯುವವನೂ ಬದಲಾಗಲಿಲ್ಲ. ಆ ಹೊಡೆಯುವವನ ಹೆಂಡತಿಯೇ ಈಗ ಬಾಗಿಲಲ್ಲಿ ನಿಂತ ಚಿಕ್ಕಬೋರಮ್ಮ.

"ಮಂಜಣ್ಣೋರೆ, ನಾಳಿಕ್ಕೆ ನಿಮ್ದೂ ಕೊನೆಯಂತೆ, ನಮ್ಮನೆಯೋರ್ದೂ ಕೊನೆ. ಸೊಂಟ ಬಿದ್ದೋಗದೆ. ಒಂದೇ ಒಂದ್ಸಲ ಟೀವೀಲಿ ಅವರ ಹೆಸ್ರು ಹೇಳ್ಬುಡಿ. ಎತ್ತಿನ ಹೆಸ್ರು ಹೇಳ್ತೀರಿ, ಎತ್ತಿನ ಅವ್ವನ ಹೆಸ್ರೂ ಹೇಳ್ತೀರಿ. ನಮ್ಮನೆಯೋರೇನು ಆಕಾಸದಿಂದ ಉದುರಿದ್ರಾ?"

"ಅದೇನು ದೊಡ್ಡ ವಿಸ್ಯ! ಹೇಳ್ತೀನಿ ಬುಡಮ್ಮ."

"ಗೊತ್ತು ತಾನೆ ಹೆಸ್ರು?"

"ಮೂವತ್ತೊಂದ್ ವರ್ಸದಿಂದ ನೋಡ್ತಾವ್ನಿ, ಗೊತ್ತಿಲ್ದೆ ಇರ್ತದಾ?"

ಅವಳು ಪಡವಲಕಾಯಿ ಒಪ್ಪಿಸಿ ಹೋದಳು. ಮಂಜಣ್ಣ ಕನ್ನಡಿಗೆ ತಿರುಗಿ, "ಈಗ ಬರ್ತಾ ಇದ್ದಾರೆ ನಿಮ್ಮೆಲ್ಲರ ಅಚ್ಚುಮೆಚ್ಚಿನ..." ಅಂದು ಬಾಯಿ ತೆರೆದೇ ನಿಂತ. ಒಳಗೆ ಹೆಸರಿರಲಿಲ್ಲ.

ಹಿಂದೆಯೇ ಓಡಿಹೋಗಿ ಅವಳನ್ನೇ ಕೇಳೋಣವೆಂದರೆ, ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಸವೆಯುತ್ತದೆ ಅನ್ನುವ ಕಾಲದ ಹೆಂಗಸು. ಮೇಲಾಗಿ ಈಗಷ್ಟೇ ಗೊತ್ತು ಅಂದಾಗಿತ್ತು.

ಚಿನಕುರಳಿಗೆ ಫೋನು ಹಚ್ಚಿದ. "ಯಜಮಾನ್ರೆ, ನಿಮ್ ಗಾಡಿ ಹೊಡೆಯೋರ ಹೆಸ್ರೇನು?"

"ಹದ್ನಾಕು ಕಣ್ಲಾ," ಅಂದ ತಿಮ್ಮರಾಜು.

"ಅದು ನಂಬರು. ಹೆಸ್ರು?"

"ನಮ್ಮಪ್ಪನ ಕಾಲ್ದಲ್ಲಿ ಏನೋ ಇತ್ತು. ನೀನು ಟೀವೀಲಿ ಹದ್ನಾಕು ಹದ್ನಾಕು ಅಂತ ಬಡ್ಕೊಂಡು ಅದೇ ಆಗೋಯ್ತು. ಅವನ ಹೆಸ್ರು ಕಟ್ಕೊಂಡು ನಿಂಗೇನ್ಲಾ ಆಗ್ಬೇಕು? ಚೀಟೀಲಿ ಇರೋದು ಓದು."

ಪಾಲಹಳ್ಳಿಯ ಹಾಲಿನ ಡೇರಿಯ ಸಂತೋಷನಿಗೆ ಮಾಡಿದ. "ಹದ್ನಾಕಣ್ಣಂದಾ? ಡೇರಿ ಬುಕ್ಕಲ್ಲಿ ಹೆಂಡ್ರ ಹೆಸ್ರು ಐತೆ ಅಣ್ಣ, ಚಿಕ್ಕಬೋರಮ್ಮ. ಹಾಲಾಕೋದು ಅವರೇ ಅಲ್ವಾ? ಅವರ ಮನೆಯೋರ್ನ ನಾವ್ ಹುಡುಗ್ರೆಲ್ಲಾ ಹದ್ನಾಕಣ್ಣ ಅಂತ್ಲೇ ಕರೆಯೋದು. ನಿಮ್ ಟೀವಿ ನೋಡೇ ಕಲ್ತಿದ್ದು." ಕೆ.ಆರ್. ಪೇಟೆಯ ಟೀ ಅಂಗಡಿಯವನೂ ಹದ್ನಾಕು ಅಂದ. ನಾಗಮಂಗಲದ ಲಾಳ ಕಟ್ಟುವವನೂ ಹದ್ನಾಕು ಅಂದ. ಮೂವತ್ತೊಂದು ವರ್ಷ ಕಷ್ಟಪಟ್ಟು ಮಂಜಣ್ಣ ನಾಲ್ಕು ತಾಲ್ಲೂಕಿನಿಂದಲೂ ಒಬ್ಬ ಮನುಷ್ಯನ ಹೆಸರನ್ನು ಗುಡಿಸಿ ಹಾಕಿದ್ದ. ಇಷ್ಟು ಚೊಕ್ಕಟವಾದ ಕೆಲಸ ಅವನು ಇನ್ನೆಲ್ಲೂ ಮಾಡಿರಲಿಲ್ಲ.

ಹೆಂಡತಿ ವೀಣ ಪಡವಲಕಾಯಿ ಹೆಚ್ಚುತ್ತ ಎಲ್ಲ ಕೇಳಿಸಿಕೊಂಡಳು. "ನಾನೂ ನಿಮ್ ಹೆಸ್ರು ಹೇಳಕಿಲ್ಲ. ನನ್ ಬದ್ಲು ಹೇಳಕೆ ಊರೈತೆ ಅನ್ನೋ ಧೈರ್ಯ. ಆ ಯಮ್ಮನಿಂದ ಆ ಊರ್ನೂ ಕಿತ್ಕೊಂಡ್ರಲ್ಲ," ಅಂದಳು. ಆ ರಾತ್ರಿ ಮಂಜಣ್ಣನಿಗೆ ಪಲ್ಯ ಇಳಿಯಲಿಲ್ಲ.

ಮರುದಿನ ಮಾಕವಳ್ಳಿಯ ಪಕ್ಕ, ಕಬ್ಬು ಕಡಿದು ಸಮ ಮಾಡಿದ ಬಯಲು. ಟ್ರಾಕ್ಟರಿನ ಟ್ರೈಲರ್ ಮೇಲೆ ಶಾಮಿಯಾನ, ಅದರಡಿ ಮಂಜಣ್ಣ, ಅವನ ಎದುರಿಗೆ ಮೈಕು, ಪಕ್ಕದ ಕುರ್ಚಿಯಲ್ಲಿ ರೇಷ್ಮೆ ಶಲ್ಯದ ತಿಮ್ಮರಾಜು. ಬೆಳಗಿನ ಸುತ್ತುಗಳಲ್ಲಿ ಮಂಜಣ್ಣ ಎರಡು ಸಲ ನೀರು ಕುಡಿಯುವ ನೆಪದಲ್ಲಿ ಇಳಿದು ಹದಿನಾಲ್ಕನೇ ನಂಬರಿನ ಹತ್ತಿರ ಹೋದ. ಎರಡು ಸಲವೂ ಆ ಮನುಷ್ಯ, "ಏನ್ ಮಂಜಣ್ಣ, ಚೆಂದಾಗಿದ್ದೀಯಾ?" ಅಂತ ಬಾಯ್ತುಂಬ ಕೇಳಿದ. ಹೆಸರಿಟ್ಟು ಮಾತಾಡಿಸುವವನನ್ನು 'ನಿನ್ನ ಹೆಸರೇನು' ಅಂತ ಕೇಳುವುದು ಹೇಗೆ? ಮಂಜಣ್ಣ "ಸೊಂಟ ಎಂಗದೆ?" ಅಂದು ವಾಪಸ್ ಬಂದ.

ಕೊನೆಯ ಸುತ್ತು. ಎರಡೇ ಗಾಡಿ. ನಾಗಮಂಗಲದ ಕರಿಯ ಜೋಡಿ ಒಂದು ಕಡೆ, ತಿಮ್ಮರಾಜುವಿನ ಮಿಂಚು, ಗುಡುಗು ಇನ್ನೊಂದು ಕಡೆ. ಟ್ರೈಲರ್ ಪಕ್ಕದಲ್ಲೇ ಚಿಕ್ಕಬೋರಮ್ಮ ಹೊಸ ಸೀರೆಯುಟ್ಟು, ಕತ್ತೆತ್ತಿ ನಿಂತಿದ್ದಳು.

ಮಂಜಣ್ಣ ಶುರು ಮಾಡಿದ. "ಇಗೋ ಮಿಂಚು! ನಾಗಮಂಗಲದ ಸಂತೆಯ ಕೆಂದಿ ಹಸುವಿನ ಮಗ! ಯಜಮಾನರು ಚಿನಕುರಳಿಯ ತಿಮ್ಮರಾಜಣ್ಣನವರು! ಗಾಡಿ ಹೊಡೀತಾ ಇರೋರು, ನಮ್ಮ ಪಾಲಹಳ್ಳಿಯ..."

ನಿಲ್ಲಿಸಿದ. ಸ್ಪೀಕರುಗಳು ಗೊರಗೊರ ಅಂದವು. ಬಾವುಟ ಬಿತ್ತು, ಗಾಡಿಗಳು ಬಿಟ್ಟವು.

"ಮಹಾಜನಗಳೇ," ಅಂದ ಮಂಜಣ್ಣ, ದನಿ ಇಳಿಸಿ. "ನಂಗೆ ಇವರ ಹೆಸ್ರು ಗೊತ್ತಿಲ್ಲ. ಮೂವತ್ತೊಂದು ವರ್ಸದಲ್ಲಿ ಕೇಳ್ಲಿಲ್ಲ. ಎತ್ತಿನ ಅವ್ವನ ಹೆಸ್ರು ಕೇಳ್ಕೊಂಡು ಬಂದೆ, ಇವರದ್ದು ಕೇಳ್ಲಿಲ್ಲ. ಚಿಕ್ಕಬೋರಮ್ಮೋರೆ, ನೀವೇ ಬಂದು ಹೇಳ್ಬುಡಿ."

"ಗೊತ್ತು ಅಂದ್ರಲ್ರೀ ನೆನ್ನೆ!" ಅಂತ ಚಿಕ್ಕಬೋರಮ್ಮ ಕೆಳಗಿನಿಂದಲೇ ಕೂಗಿದಳು. "ಎರಡು ಪಡವಲಕಾಯಿ ತಿಂದ್ರಲ್ಲ!"

"ಸುಳ್ಳು ಹೇಳ್ದೆ ಕಣಮ್ಮ. ಹತ್ತಿ ಬೇಗ!"

"ಲೋ ಮಂಜ, ಓಟ ಹೇಳ್ಲಾ!" ತಿಮ್ಮರಾಜು ಮೈಕಿಗೆ ಕೈ ಹಾಕಿದ. ಮಂಜಣ್ಣ ಮೈಕನ್ನು ಎದೆಗವುಚಿಕೊಂಡು ಬೆನ್ನು ತಿರುಗಿಸಿದ. ಚಿಕ್ಕಬೋರಮ್ಮ ಅಷ್ಟರಲ್ಲಿ ಚಕ್ರದ ಮೇಲೆ ಕಾಲಿಟ್ಟು ಹತ್ತಿಯೇಬಿಟ್ಟಿದ್ದಳು.

"ಗಂಡನ ಹೆಸ್ರು ಎಂಗೇಳದು ನಾನು?"

"ನೀವು ಹೇಳ್ನಿಲ್ಲ ಅಂದ್ರೆ ಇನ್ಯಾರಿಗೂ ಗೊತ್ತಿಲ್ಲ. ಇವತ್ತು ಬುಟ್ರೆ ಅವರು ಹದ್ನಾಕೇ."

ಅವಳು ಬಯಲನ್ನು ನೋಡಿದಳು. ಗಾಡಿ ಗೆಲುವಿನ ಗೆರೆಗೆ ಇಪ್ಪತ್ತು ಮಾರು ದೂರದಲ್ಲಿತ್ತು. ಮಿಂಚು, ಗುಡುಗು ಒಂದು ಕೊಂಬಿನಷ್ಟು ಮುಂದಿದ್ದವು. ಅವಳು ಸೆರಗು ತಲೆಗೆಳೆದುಕೊಂಡಳು, ದೇವರ ಮುಂದೆ ತಪ್ಪೊಪ್ಪಿಗೆ ಹೇಳುವವಳ ಹಾಗೆ ಕಣ್ಣು ಮುಚ್ಚಿದಳು, ಮೈಕನ್ನು ಬಾಯಿಗೇ ತುರುಕಿಕೊಂಡು ಕೂಗಿದಳು:

"ಬೋರಯ್ಯಾ!"

ನಾಲ್ಕು ಸ್ಪೀಕರಿನಲ್ಲೂ ಬೋರಯ್ಯ. ಪಕ್ಕದ ಸಕ್ಕರೆ ಕಾರ್ಖಾನೆಯ ಗೋಡೆಗೆ ಬಡಿದು ಮತ್ತೆ ಬೋರಯ್ಯ.

ಹದಿನಾಲ್ಕನೇ ನಂಬರು ಗೆರೆಗೆ ಹತ್ತು ಮಾರು ಇರುವಾಗ ಹಗ್ಗ ಎಳೆದುಬಿಟ್ಟ. ಮಿಂಚು, ಗುಡುಗು ಮಣ್ಣು ಕೆರೆದು ನಿಂತವು. ಪಕ್ಕದಲ್ಲಿ ನಾಗಮಂಗಲದ ಕರಿಯ ಜೋಡಿ ಆರಾಮಾಗಿ ಗೆರೆ ದಾಟಿತು. ತಿಮ್ಮರಾಜುವಿನ ಶಲ್ಯ ಕುರ್ಚಿಗೆ ಸಿಕ್ಕಿಕೊಂಡು ಅವನು ಎದ್ದ ರಭಸಕ್ಕೆ ಕುರ್ಚಿಯೂ ಜೊತೆಗೇ ಎದ್ದು ಬಂತು.

ಬೋರಯ್ಯ ಗಾಡಿಯಿಂದ ಧುಮುಕಿ, ಸೊಂಟ ಹಿಡಿದುಕೊಂಡು ಟ್ರೈಲರಿನತ್ತ ಓಡಿಬಂದ. "ಏನಾಯ್ತಮ್ಮೀ? ಮನೆಗೇನಾರ ಬೆಂಕಿ ಬಿತ್ತಾ?"

"ಏನೂ ಆಗ್ನಿಲ್ಲ. ಸುಮ್ನೆ ಕರದೆ."

"ನಲವತ್ತು ವರ್ಸದಲ್ಲಿ ಒಂದ್ಸಲ ಕರೆಯದವ್ಳು ಸುಮ್ನೆ ಕರದ್ಯಾ?"

"ಕರದ್ರೆ ನಿಂತ್ಬುಡದಾ? ಇನ್ ಹತ್ ಮಾರು ಹೋಗ್ಬುಟ್ಟು ಬಂದಿದ್ರೆ ನಾನೇನು ಓಡೋಗ್ತಿದ್ನಾ?"

ಮೈಕು ಅವಳ ಕೈಯಲ್ಲೇ ಇತ್ತು. ನಾಲ್ಕು ತಾಲ್ಲೂಕಿನ ಜನ ಊಟದ ತಟ್ಟೆ ಹಿಡಿದು ಟೀವಿ ಮುಂದೆ ಕೂತು ಈ ಜಗಳ ಕೇಳುತ್ತಿದ್ದರು.

"ಸೋಲಿಸ್ಬುಟ್ಯಲ್ಲೋ ಹದ್ನಾಕು!" ತಿಮ್ಮರಾಜು ಕುರ್ಚಿ ಬಿಡಿಸಿಕೊಳ್ಳುತ್ತ ಅರಚಿದ.

ಬೋರಯ್ಯ ತಿರುಗಲಿಲ್ಲ. ತಿಮ್ಮರಾಜು ಇನ್ನೊಂದು ಸಲ ಅರಚಿದ. ಆಗಲೂ ತಿರುಗಲಿಲ್ಲ. ಹೆಂಡತಿಯ ಕೈ ಹಿಡಿದು ಟ್ರೈಲರಿನಿಂದ ಇಳಿಸುತ್ತಿದ್ದ.

ಮಂಜಣ್ಣ ಮೈಕು ಇಸಕೊಂಡ. ವಿದಾಯದ ಮಾತು ಜೇಬಿನಲ್ಲೇ ಉಳಿಯಿತು. ಗೆದ್ದ ಕರಿಯ ಜೋಡಿಯ ಚೀಟಿ ಎತ್ತಿ, ಯಜಮಾನರ ಹೆಸರಿನ ತನಕ ಬಂದು, ಗಾಡಿ ಮೇಲೆ ಏದುಸಿರು ಬಿಡುತ್ತಿದ್ದವನ ಕಡೆ ಬಗ್ಗಿದ.

"ಲೇ ತಮ್ಮ, ನಿನ್ ಹೆಸ್ರೇನ್ಲಾ?"

"ಇಪ್ಪತ್ತೊಂದು ಕಣಣ್ಣ," ಅಂದ ಅವನು.

"ಥೂ," ಅಂದು ಮಂಜಣ್ಣ ಟ್ರೈಲರಿನಿಂದ ಕೆಳಗಿಳಿದ. "ಇನ್ನೊಂದ್ಸಲ ಕೇಳ್ತೀನಿ."