ಸವತಿಗೆ ಸಕ್ಕರೆ

ನನ್ನ ಗಂಡನಿಗೆ ಎರಡನೇ ಹೆಣ್ಣು ಕೇಳಲು ನಾನೇ ಹೋಗಬೇಕಂತೆ! ಮೊದಲ ಹೆಂಡತಿ ತನ್ನ ಕೈಯಾರೆ ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದರೇ ಮಾತು ಗಟ್ಟಿ ಅನ್ನುವುದು ಅತ್ತೆಯ ಮನೆತನದ ಪದ್ಧತಿ.

"ಅಬೀದಾ, ಮದುವ್ಯಾಗಿ ಒಂಬತ್ತು ವರ್ಷಾತು. ಒಂದು ಕೂಸಿಗಂತ ಇನ್ನೆಷ್ಟ ಕಾಯೂದು?" ಅಂದರು ಅತ್ತೆ.

ನಾನೇನು ಸುಮ್ಮನೆ ಕೂತಿದ್ದೆನೆ? ದರ್ಗಾಕ್ಕೆ ನಡೆದೆ. ಸೂಲಗಿತ್ತಿ ಅರೆದು ಕೊಟ್ಟ ಬೇರು ಕುಡಿದು ವಾಂತಿ ಮಾಡಿಕೊಂಡೆ. ದವಾಖಾನೆಗೆ ಹೋದರೆ ಹತ್ತಿ ಹಿಂಜುವ ಒಂದು ದಿನದ ದುಡಿಮೆ ಹೋಗುತ್ತದೆ, ಅವತ್ತು ಒಲೆ ಹತ್ತುವುದಿಲ್ಲ. ಕಡೆಗೆ, ನಾವು ಗಾದಿ ಹೊಲಿದುಕೊಡುವ ಸಾವಕಾರರ ಸೊಸೆ ನನ್ನನ್ನು ಜೊತೆಗೆಂದು ಟಾಂಗಾದಲ್ಲಿ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವಳಿಗೂ ಮಕ್ಕಳಿಲ್ಲ. ಅವಳಿಗೆ ಮುಂಬಯಿಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟ ಡಾಕ್ಟರು ನನ್ನನ್ನೂ ನೋಡಿದರು.

"ನಿನ್ನೊಳಗ ಏನೂ ಐಬು ಕಾಣವಲ್ದು. ಗಂಡನ್ನ ಕರಕೊಂಡು ಬಾ."

ಮನೆಗೆ ಬಂದು ಹೇಳಿದೆ. ನನ್ನ ಗಂಡ ಗುಲಾಬಸಾಬ ಹೊಡೆಯಲು ಕೈಯೆತ್ತಿದ.

"ಐಬು ನನಗಂತೀಯಾ? ಇನ್ನೊಮ್ಮೆ ಅಂದ್ರ ತವರಿಗೆ ಅಟ್ಟತೇನಿ!"

ನನಗೆಲ್ಲಿದೆ ತವರು?

ಹುಡುಗಿಯ ಊರು ತಾರಿಹಾಳದ ದಾರಿಯುದ್ದಕ್ಕೂ ತಲೆ ಗಿರ್ರೆನ್ನುತ್ತಿತ್ತು. ಹುಡುಗಿಯ ಮನೆಯವರಿಗೆ ಹೇಳಲೋ, ಬಿಡಲೋ? ಹೇಳಿದರೆ ನಾನು ಬೀದಿಪಾಲು. ಬಿಟ್ಟರೆ ಅವಳೂ ನಾಳೆ ಬಂಜೆ ಅನ್ನಿಸಿಕೊಳ್ಳುತ್ತಾಳೆ. ಆದರೆ ಡಾಕ್ಟರು ಗಂಡನನ್ನು ನೋಡಿಯೇ ಇಲ್ಲ, ಅವನದೇ ಐಬು ಅಂತ ನಾನು ಹೇಗೆ ಹೇಳಲಿ? ಥೂ, ಒಂದೂ ತಿಳಿಯಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಹುಡುಗಿಯ ಅಪ್ಪನ ಜೊತೆ ಮಾತಿಗೆ ಕೂತರು. ನಾನು ಸಕ್ಕರೆ ಬಟ್ಟಲು ಹಿಡಿದು ಒಳಗೆ ಹೋದೆ. ಹುಡುಗಿ ನಜ್ಮಾಗೆ ಹದಿನೈದು ಇದ್ದೀತು. ಅವಳ ಮುಖ ನೋಡಿ ನನ್ನ ಕೈ ಮೇಲೇಳಲಿಲ್ಲ. ಅವಳ ತಾಯಿ ಹಾಜರಾಬಿಯ ಕಿವಿಯಲ್ಲಿ ಎಲ್ಲಾ ಹೇಳಿಬಿಟ್ಟೆ.

ಬೈದು ಓಡಿಸುತ್ತಾಳೆ ಅಂದುಕೊಂಡೆ. ಆಕೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

"ಮೆಲ್ಲಕ ಮಾತಾಡವಾ. ಪರದೇಶದಾಗ ಲಡಾಯಿ ಶುರುವಾದಾಗಿಂದ ಮನ್ಯಾಗ ಜ್ವಾಳ ಇಲ್ಲ. ಇಕಿ ಬೆನ್ನಹಿಂದ ಇನ್ನೂ ಮೂವರು ಅದಾರ. ಹಾಕು, ಲಗೂ ಹಾಕು."

ಅಯ್ಯೋ ಅಲ್ಲಾ! ಇಷ್ಟು ದೂರ ಹೊತ್ತು ತಂದ ಮಾತಿಗೆ ಇಷ್ಟೇನಾ ಬೆಲೆ? ಸಿಟ್ಟು ಬರಬೇಕೋ, ಅಳು ಬರಬೇಕೋ ಗೊತ್ತಾಗಲಿಲ್ಲ. ಆಕೆಯೇ ನನ್ನ ಕೈ ಹಿಡಿದು ಮಗಳ ಬಾಯಿಗೆ ಒಯ್ದಳು. ನಜ್ಮಾ ಸಕ್ಕರೆ ನುಂಗಿ, ನನ್ನ ಬೆರಳಿಗೆ ಅಂಟಿದ್ದನ್ನೂ ನೆಕ್ಕಿದಳು. ಆಮೇಲೆ ನಾಚಿಕೊಂಡು ಕೇಳಿದಳು:

"ಅಕ್ಕಾ, ನಿಮ್ಮನ್ಯಾಗ ರಾತ್ರಿನೂ ರೊಟ್ಟಿ ಮಾಡ್ತೀರೇನು?"

"ಮಾಡ್ತೇವವಾ," ಅಂದೆ.