ನಲವತ್ತು ಡಿಗ್ರಿ ವಾಲಿದ ಕಲ್ಲು

ಓರೆ ಅಳೆಯುವ ಕಾಂಪಸ್ಸಿನ ಮುಳ್ಳು ಇನ್ನೂ ತೂಗುತ್ತಿದೆ, ನಲವತ್ತು ಡಿಗ್ರಿ, ಮೂರನೇ ಸಲ ಅಳೆದರೂ ನಲವತ್ತು, ಅಳತೆ ತಪ್ಪಿಲ್ಲ, ತಪ್ಪಿದ್ದು ಕಲ್ಲು — ತಾಳಿಕೋಟೆಯ ಸುತ್ತ ಎಲ್ಲ ಖಣಿಯಲ್ಲೂ ಸುಣ್ಣದಕಲ್ಲು ಚಾಪೆ ಹಾಸಿದಂತೆ ಮಲಗಿರುವಾಗ ಇದೊಂದೇ ಓರೆಯಾಗಿ ನಿಂತದ್ದನ್ನು ಕಂಡು ಪ್ರಿಯದರ್ಶಿನಿ ಹೋದ ವರ್ಷ ಕುಣಿದಾಡಿದ್ದಳು, ಇಲ್ಲಿ ನೆಲ ಸೀಳಿ ಒಂದು ಪಕ್ಕ ಜಾರಿದೆ, ಯಾರೂ ಗುರುತಿಸದ ಸೀಳು ಎಂದು ಎಂ.ಎಸ್ಸಿ. ಪ್ರಬಂಧವನ್ನೆಲ್ಲ ಇದರ ಮೇಲೆಯೇ ಕಟ್ಟಿದ್ದಳು, ನಾಳೆ ಸೆಮಿನಾರು, ಪಿಎಚ್.ಡಿ. ಸೀಟು ಅದರ ಮೇಲೆ, ಇನ್ನೊಮ್ಮೆ ನೋಡಿ ಬರೋಣ ಎಂದು ಯಾಕಾದರೂ ಬಂದಳೋ, ಖಣಿಯಲ್ಲಿ ನೆಲಹಾಸಿನ ಫರಸಿ ಕಲ್ಲು ಒಡೆಯುವ ಹುಲಿಗೆವ್ವನ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು, ಅವಳ ನಗು ನಿಲ್ಲುತ್ತಿಲ್ಲ — ಯವ್ವಾ ತಂಗಿ, ಭೂಮಿತಾಯಿ ಎಬ್ಬಿಸ್ಯಾಳಂತ ಬರದಿಯೇನ, ಆಕಿಗೆ ಬ್ಯಾರೆ ಕೆಲಸ ಇಲ್ಲೇನ, ನಾನು, ನನ್ನ ಗಂಡ ಪರಶು, ಇನ್ನ ನಾಕು ಮಂದಿ ಕಬ್ಬಣದ ಹಾರಿ ಹಾಕಿ ಎಬ್ಬಿಸಿದ್ದು, ಅಷ್ಟರಾಗ ಮಳಿ ಹಿಡೀತು, ಬುಡಕ ಕಲ್ಲ ಕೊಟ್ಟು ಹಂಗ ಬಿಟ್ಟೇವಿ, ಎರಡ ಮಳಿಗಾಲ ಆತು, ಮಣ್ಣ ಕುಂತು ಹುಲ್ಲ ಬೆಳದೈತಿ, ನೋಡಿಲ್ಲಿ, ಹಾರಿ ತೂರಿಸಿದ ಕಚ್ಚು — ಹೆಬ್ಬೆರಳು ಇಟ್ಟು ತೋರಿಸಿದಳು, ಬೆರಳು ಸರಿಯಾಗಿ ಕೂತಿತು. ಈ ಸುಣ್ಣದಕಲ್ಲು ಕೆಸರಾಗಿ ಕೂತದ್ದು ನೂರು ಕೋಟಿ ವರ್ಷದ ಹಿಂದೋ ಎಂಬತ್ತು ಕೋಟಿಯೋ, ಗ್ರಾನೈಟಿನ ತಳ ಕುಸಿದಷ್ಟೂ ಸಮುದ್ರ ಒಳಗೆ ಬಂತು, ಮೊದಲು ಮರಳು, ಆಮೇಲೆ ಸುಣ್ಣದ ನುಣ್ಣನೆಯ ಕೆಸರು, ತಳ ಇಳಿಯುತ್ತ ಹೋಯಿತು, ಕೆಸರು ತುಂಬುತ್ತ ಹೋಯಿತು, ಒಂದು ದಿನ — ದಿನವಲ್ಲ, ಅವಸರ ನಿನ್ನದು — ಇಳಿಯುವುದು ನಿಂತಿತು, ಸಮುದ್ರ ಹೋಯಿತು, ಕೋಟಿಗಟ್ಟಲೆ ವರ್ಷ ಬರೀ ಬಿಸಿಲು, ಗಾಳಿ, ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಹರಿದು ಪಶ್ಚಿಮವನ್ನೆಲ್ಲ ಮುಚ್ಚಿತು, ಇಂಡಿ ತಾಲೂಕಿನ ಹೊಲದಲ್ಲಿ ಅಪ್ಪ ಬಿತ್ತುವ ಎರೆಮಣ್ಣು ಆ ಲಾವಾದ ಪುಡಿ, ಇಷ್ಟೆಲ್ಲ ಮಾಡಿದ ನೆಲ ಈ ಕಲ್ಲನ್ನು ಮಾತ್ರ ಎತ್ತಲಿಲ್ಲ, ಆರು ಮಂದಿ ಎತ್ತಿದರು. ಮಾರ್ಗದರ್ಶಕ ಮಾಳಿಂಗರಾಯ ಸರ್ ಕೇಳಿದ್ದರು, ಒಂದ ಜಾಗಾದಾಗ ಅಳದ್ರ ಸಾಲೂದಿಲ್ಲವಾ, ಆಜೂಬಾಜೂ ನೋಡೀಯಿಲ್ಲೋ, ನೋಡೇನ್ರಿ ಸರ್, ಅಂದಿದ್ದಳು, ನೋಡಿರಲಿಲ್ಲ. ಈಗಲೂ ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ, ಹುಲಿಗೆವ್ವ ಸೆಮಿನಾರಿಗೆ ಬರುತ್ತಾಳೆಯೇ, ವಾರದಲ್ಲಿ ಈ ಕಲ್ಲು ಸೀಳಿ ಯಾರದೋ ಅಡುಗೆಮನೆಗೆ ಹಾಸಾಗುತ್ತದೆ, ಉಳಿಯುವುದು ಪ್ರಬಂಧದಲ್ಲಿ ಪುಟ ತುಂಬ ಹಾಕಿದ ಫೋಟೋ ಒಂದೇ, ಗಾತ್ರ ತಿಳಿಯಲೆಂದು ಸುತ್ತಿಗೆ ಇಟ್ಟು ತೆಗೆದದ್ದು, ಓರೆ ಕಲ್ಲಿನ ಮೇಲೆ ಸುತ್ತಿಗೆ ನಿಲ್ಲದೆ ಜಾರುತ್ತಿತ್ತು, ಸಿಕ್ಕಿಸಲು ಜಾಗ ಹುಡುಕಿದ್ದಳು, ಸಿಕ್ಕಿತ್ತು — ಫೋನು ತೆಗೆದು ಬೆರಳಿನಿಂದ ದೊಡ್ಡದು ಮಾಡುತ್ತಾಳೆ, ಇನ್ನೂ ದೊಡ್ಡದು — ಸುತ್ತಿಗೆಯ ಚೂಪು ಮೂತಿ, ಹುಲಿಗೆವ್ವ ತೋರಿಸಿದ ಅದೇ ಹೆಬ್ಬೆರಳಗಲದ ಕಚ್ಚು, ಕಚ್ಚಿನೊಳಗೆ ಹೇಳಿ ಮಾಡಿಸಿದಂತೆ ಕೂತ ಸುತ್ತಿಗೆ, ನಾಳೆ ಎಲ್ಲರೂ ನೋಡುವ ಕಚ್ಚಿನೊಳಗೆ…